ಅರಿಷಿಣ-ಕುಂಕುಮದ ಬಾತು ಮತ್ತು ಕೊರಳಿಗೆ ನಿಲುಕುವ ನೀರು

(ಕನ್ನಡ ಮಾಧ್ಯಮ ಶಿಕ್ಷಕರ ಪ್ರಶಿಕ್ಷಣ ವರ್ಗದಲ್ಲಿ ಮಾಡಿದ ಉಪನ್ಯಾಸ)



ಸೊಲ್ಲಾಪುರದ ಕಡೆ ಪಕ್ಷಿಗಳ ಮಾತು ಬಂದರೆ ಮೊದಲು ನೆನಪಾಗುವುದು ನಾನ್ನಜದ ಮಾಳಢೋಕ ಪಕ್ಷಿ. ಅದರ ಹಿಂದೆಯೇ ಉಜನಿ ಜಲಾಶಯದ ಹಿನ್ನೀರಿಗೆ ಬಂದಿಳಿಯುವ ರಾಜಹಂಸಗಳ ಹೆಸರು ಬರುತ್ತದೆ. ಇವೆರಡೂ ಪತ್ರಿಕೆಗಳಲ್ಲಿ ಚಿತ್ರಸಹಿತ ಕಾಣಿಸಿಕೊಳ್ಳುವ ಹಕ್ಕಿಗಳು. ಇಂದು ನಾನು ಆರಿಸಿಕೊಂಡಿರುವುದು ಸುದ್ದಿಗೆ ಬಾರದ ಒಂದು ಹಕ್ಕಿಯನ್ನು. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳ ಊರ ಕೆರೆಗಳಲ್ಲಿ ನೀರು ನಿಂತಿರುವಷ್ಟು ಕಾಲ ಕಾಣಸಿಗಬಹುದಾದ ಕಾಡುಬಾತು ಅದು. ಗ್ರಂಥಗಳಲ್ಲಿ ಅದನ್ನು ಚುಕ್ಕೆ ಕೊಕ್ಕಿನ ಬಾತು ಎನ್ನುತ್ತಾರೆ. ವರಟೆ ಎಂಬ ಹೆಸರೂ ಕನ್ನಡದಲ್ಲಿ ಬಳಕೆಯಲ್ಲಿದೆ. ಮರಾಠಿಯಲ್ಲಿ ಅದಕ್ಕಿರುವ ಹೆಸರು ಇನ್ನೂ ಸೊಗಸಾದುದು: ಹಳದಿ-ಕುಂಕೂ ಬದಕ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅರಿಷಿಣ-ಕುಂಕುಮದ ಬಾತು.

ಆ ಹೆಸರು ಯಾಕೆ ಬಂತೆಂಬುದು ಹಕ್ಕಿಯ ಮುಖ ನೋಡಿದೊಡನೆ ತಿಳಿಯುತ್ತದೆ. ಕಪ್ಪು ಕೊಕ್ಕಿನ ತುದಿಗೆ ಅರಿಷಿಣ ಅದ್ದಿದಂತೆ ಹಳದಿ ಬಣ್ಣ; ಕೊಕ್ಕು ಹಣೆಯನ್ನು ಸೇರುವಲ್ಲಿ ಕುಂಕುಮವಿಟ್ಟಂತೆ ಕೆಂಪು ಚುಕ್ಕೆ. ಈ ಚುಕ್ಕೆ ಗಂಡಿನಲ್ಲಿ ಎದ್ದು ಕಾಣುತ್ತದೆ. ಹೆಣ್ಣಿನಲ್ಲಿ ಸಣ್ಣದಾಗಿರುತ್ತದೆ ಅಥವಾ ಇರುವುದೇ ಇಲ್ಲ. ಮೈಮೇಲಿನ ಕಂದು ಗರಿಗಳಿಗೆ ಒಂದೊಂದಕ್ಕೂ ತಿಳಿಬಣ್ಣದ ಅಂಚು ಇರುವುದರಿಂದ ಇಡೀ ದೇಹ ಮೀನಿನ ಹುರುಪೆ ಹೊದ್ದಂತೆ ತೋರುತ್ತದೆ. ಕಾಲುಗಳು ಕಿತ್ತಳೆಗೆಂಪು. ರೆಕ್ಕೆ ಮಡಿಚಿ ಕುಳಿತಾಗ ಬೆನ್ನಿನ ಹಿಂಬದಿಯಲ್ಲಿ ಬಿಳಿಯ ಪಟ್ಟಿಯೊಂದು ದೂರದಿಂದಲೇ ಕಾಣುತ್ತದೆ. ಹಾರುವಾಗ ರೆಕ್ಕೆಯಲ್ಲಿ ಹೊಳೆಯುವ ಹಸಿರು ಮಿನುಗುತ್ತದೆ. ಉದ್ದ ಸುಮಾರು 60 ಸೆಂಟಿಮೀಟರ್, ತೂಕ ಒಂದು ಕಿಲೋಗ್ರಾಂನ ಆಸುಪಾಸು. ಶಾಸ್ತ್ರೀಯ ನಾಮ ಅನಾಸ್ ಪೀಸಿಲೋರಿಂಕ; ಗ್ರೀಕ್ ಮೂಲದ ಆ ಎರಡನೆಯ ಪದಕ್ಕೆ ‘ಬಣ್ಣಬಣ್ಣದ ಕೊಕ್ಕಿನದು’ ಎಂದೇ ಅರ್ಥ. 1781ರಲ್ಲಿ ವಿದ್ವಾಂಸ ಫಾರ್ಸ್ಟರ್ ಕೊಟ್ಟ ಹೆಸರಿಗೂ ಮರಾಠಿ ಜನ ಇಟ್ಟ ಹೆಸರಿಗೂ ಆಧಾರ ಒಂದೇ ಕೊಕ್ಕು.

ಮಕ್ಕಳು ಸಾಮಾನ್ಯವಾಗಿ ಚಿತ್ರಪುಸ್ತಕದಲ್ಲಿ ಕಂಡಿರುವ ಬಾತು ಬಿಳಿಯದು, ಸಾಕಿದ್ದು. ಸಾಕುಬಾತಿನ ಹೆಚ್ಚಿನ ತಳಿಗಳು ಮಲ್ಲಾರ್ಡ್ ಎಂಬ ಕಾಡುಬಾತಿನಿಂದ ಬಂದವು. ಆ ಮಲ್ಲಾರ್ಡ್ ನಮ್ಮ ಅರಿಷಿಣ-ಕುಂಕುಮದ ಬಾತಿನ ದಾಯಾದಿ. ಇಬ್ಬರ ದನಿಯೂ ಬಹುಮಟ್ಟಿಗೆ ಒಂದೇ. ಚಿತ್ರದ ಬಿಳಿ ಬಾತಿನಿಂದ ಊರ ಕೆರೆಯ ಕಂದು ಬಾತಿಗೆ ಮಗುವನ್ನು ಕರೆದೊಯ್ಯಲು ಇಷ್ಟು ಸಂಬಂಧ ಸಾಕು.

ಇನ್ನು ಈ ಹಕ್ಕಿ ಹೊಟ್ಟೆ ಹೊರೆಯುವ ಬಗೆಯನ್ನು ನೋಡೋಣ. ನನ್ನ ಇಂದಿನ ಮಾತೆಲ್ಲ ಅದರ ಮೇಲೆಯೇ ನಿಂತಿದೆ.

ನೀರುಹಕ್ಕಿಗಳಲ್ಲಿ ಎರಡು ಜಾತಿಯ ದುಡಿಮೆಗಾರರಿದ್ದಾರೆ. ಒಂದು, ಮುಳುಗಿ ಮೇಯುವವರು. ಕೆರೆಯಲ್ಲಿ ಫಕ್ಕನೆ ಮಾಯವಾಗಿ ಮತ್ತೊಂದೆಡೆ ತಲೆಯೆತ್ತುವ ಗುಳುಮುಳುಕ ಈ ಗುಂಪಿನದು. ಅದರ ಕಾಲುಗಳು ದೇಹದ ತೀರ ಹಿಂಬದಿಯಲ್ಲಿವೆ. ದೋಣಿಗೆ ಹಿಂದಿನಿಂದ ಹುಟ್ಟು ಹಾಕಿದಂತೆ ಅವು ಹಕ್ಕಿಯನ್ನು ಆಳಕ್ಕೆ ತಳ್ಳುತ್ತವೆ. ಇನ್ನೊಂದು, ಮೇಲೆ ತೇಲುತ್ತಲೇ ಮೇಯುವವರು. ನಮ್ಮ ಬಾತು ಈ ಗುಂಪಿಗೆ ಸೇರಿದ್ದು. ಇದರ ಕಾಲುಗಳು ಹೊಟ್ಟೆಯ ನಡುಭಾಗದಲ್ಲಿವೆ. ಆದ್ದರಿಂದ ಇದು ನೆಲದ ಮೇಲೆ ಸಲೀಸಾಗಿ ನಡೆಯಬಲ್ಲದು, ಓಟವಿಲ್ಲದೆ ನೀರಿನಿಂದ ನೆಟ್ಟಗೆ ಮೇಲಕ್ಕೆ ಹಾರಬಲ್ಲದು. ಆಹಾರಕ್ಕಾಗಿ ಮುಳುಗುವುದು ಮಾತ್ರ ಇದರ ರೂಢಿಯಲ್ಲ. ಬದಲಿಗೆ ಅದು ತಲೆಕೆಳಗಾಗುತ್ತದೆ: ತಲೆ, ಕೊರಳು, ಎದೆ ನೀರಿನೊಳಗೆ, ಬಾಲ ಆಕಾಶದತ್ತ. ಕಾಲಾಡಿಸುತ್ತ ಆ ಭಂಗಿಯಲ್ಲಿ ಕೆಲವು ಕ್ಷಣ ನಿಂತು, ಕೆಸರನ್ನು ಕೊಕ್ಕಿನಿಂದ ಜಾಲಾಡಿ, ಮತ್ತೆ ನೆಟ್ಟಗಾಗುತ್ತದೆ.

ಕೊಕ್ಕಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ತೆಳುವಾದ ಏಣುಗಳಿವೆ. ಬಾತು ಕೆಸರುನೀರನ್ನು ಬಾಯಿಗೆಳೆದು ನಾಲಿಗೆಯಿಂದ ಹೊರದಬ್ಬುವಾಗ ನೀರು ಸೋಸಿಹೋಗಿ ಬೀಜ, ಚಿಗುರು, ಹುಳು, ಸಣ್ಣ ಬಸವನಹುಳು ಒಳಗುಳಿಯುತ್ತವೆ. ಅಡುಗೆಮನೆಯ ಸಾಣಿಗೆಯ ಕೆಲಸವೇ ಇದು. ಆಹಾರದ ಹೆಚ್ಚಿನ ಪಾಲು ಸಸ್ಯಮೂಲದ್ದು: ಜೇಕಿನ ಬೀಜ, ಹುಲ್ಲಿನ ಕಾಳು, ನೀರುಸಸ್ಯಗಳ ಎಳೆಯ ಭಾಗ. ಕೆಲವೊಮ್ಮೆ ಭತ್ತದ ಗದ್ದೆಗೂ ಇಳಿಯುವುದುಂಟು.

ಈಗ ಒಂದು ಲೆಕ್ಕ. ತಲೆಕೆಳಗಾದ ಬಾತಿನ ಕೊಕ್ಕು ಎಷ್ಟು ಆಳ ಮುಟ್ಟೀತು? ಕೊರಳು ಮತ್ತು ಎದೆಯ ಉದ್ದವಷ್ಟೇ. ನಮ್ಮ ಅಜ್ಜಂದಿರ ಅಳತೆಯಲ್ಲಿ ಅದು ಗೇಣಿಗಿಂತ ಹೆಚ್ಚು, ಮೊಳಕ್ಕಿಂತ ಕಡಿಮೆ. ಅದಕ್ಕಿಂತ ಆಳದ ನೀರಿನ ತಳದಲ್ಲಿ ರಾಶಿ ರಾಶಿ ಬೀಜವಿದ್ದರೂ ಬಾತಿನ ಪಾಲಿಗೆ ಅದು ಬೀಗ ಹಾಕಿದ ಕಣಜ. ಕೆರೆ ನೂರು ಎಕರೆಯದಾಗಿರಲಿ, ಜಲಾಶಯ ಕಣ್ಣು ಹಾಯುವಷ್ಟು ಹರಡಿರಲಿ, ಈ ಹಕ್ಕಿಗೆ ಅನ್ನ ಕೊಡುವುದು ದಡದುದ್ದಕ್ಕೂ ಹಬ್ಬಿದ ಆ ಒಂದು ಮೊಳದ ನೀರಿನ ಪಟ್ಟಿ. ನಡುನೀರು ಅದಕ್ಕೆ ವಿಶ್ರಾಂತಿಯ ಅಂಗಳ. ಊಟದ ಪಂಕ್ತಿ ಅಂಚಿನಲ್ಲಿಯೇ.

ಆ ಪಟ್ಟಿ ಎಷ್ಟು ಅಗಲವಿರುತ್ತದೆಂಬುದು ದಡದ ಇಳಿಜಾರನ್ನು ಅವಲಂಬಿಸಿದೆ. ಇದು ಗಣಿತದ ತರಗತಿಗೆ ಹೇಳಿ ಮಾಡಿಸಿದ ಪ್ರಶ್ನೆ. ದಡದಿಂದ 50 ಅಡಿ ನಡೆದರೆ ಒಂದು ಅಡಿ ಆಳವಾಗುವ ಕೆರೆಯಲ್ಲಿ, 30 ಸೆಂಟಿಮೀಟರಿನೊಳಗಿನ ನೀರಿನ ಪಟ್ಟಿ 15 ಮೀಟರ್ ಅಗಲವಿರುತ್ತದೆ. ಎರಡು ಅಡಿಗೇ ಒಂದು ಅಡಿ ಆಳವಾಗುವಂತೆ ಕಡಿದಾಗಿ ಕೊರೆದ ದಡದಲ್ಲಿ ಅದೇ ಪಟ್ಟಿಯ ಅಗಲ 60 ಸೆಂಟಿಮೀಟರ್ ಮಾತ್ರ. ನೀರು ಎರಡರಲ್ಲೂ ತುಂಬಿರಬಹುದು. ಎರಡನೆಯ ಕೆರೆಯ ನೀರು ಮೊದಲನೆಯದಕ್ಕಿಂತ ಹೆಚ್ಚೇ ಇರಬಹುದು. ಆದರೆ ಬಾತಿನ ಹೊಲ ಇಪ್ಪತ್ತೈದರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ.

ಇಳಿಜಾರು ಮಂದವಾಗಿರುವ ಕೆರೆಗೆ ಇನ್ನೊಂದು ಗುಣವುಂಟು. ದೀಪಾವಳಿ ಕಳೆದ ಮೇಲೆ ನೀರು ದಿನದಿನಕ್ಕೆ ಹಿಂಜರಿಯುತ್ತದೆ. ಹಾಗೆ ಹಿಂಜರಿದಂತೆಲ್ಲ ಮೊಳದ ನೀರಿನ ಪಟ್ಟಿಯೂ ಕೆರೆಯಂಗಳದ ಒಳಕ್ಕೆ ಸರಿಯುತ್ತದೆ. ನಿನ್ನೆ ಆಳದಲ್ಲಿದ್ದ ಕೆಸರು ಇಂದು ಕೊಕ್ಕಿಗೆ ಎಟುಕುತ್ತದೆ; ನಿನ್ನೆ ಮೇಯ್ದ ಜಾಗ ಇಂದು ಹಸಿ ನೆಲವಾಗಿ ಹುಲ್ಲು, ಜೇಕು ಮೊಳೆಯುತ್ತವೆ; ಅವುಗಳ ಬೀಜ ಕೆಸರಿಗೆ ಸೇರಿ ಮುಂದಿನ ಮಳೆಗಾಲದ ನೀರಿನಡಿ ಬುತ್ತಿಯಾಗುತ್ತದೆ. ಬಾತುಗಳೂ ಈ ಬಿತ್ತನೆಯಲ್ಲಿ ಕೈಗೂಡಿಸುತ್ತವೆ. ಅವು ನುಂಗಿದ ಬೀಜಗಳಲ್ಲಿ ಕೆಲವು ಜೀರ್ಣವಾಗದೆ ಹಿಕ್ಕೆಯೊಡನೆ ಬಿದ್ದು ಮತ್ತೊಂದು ಕೆರೆಯಲ್ಲಿ ಮೊಳೆಯುತ್ತವೆ. ಕೋಡಿಯಿಂದ ಕೋಡಿಗೆ ನೀರಿನ ಸಂಬಂಧವಿಲ್ಲದ ಕೆರೆಗಳಿಗೂ ಹೀಗೆ ಹಕ್ಕಿಯ ಮೂಲಕ ಬೀಜದ ಸಂಬಂಧವಿರುತ್ತದೆ.

ಸಂತಾನದ ವಿಷಯದಲ್ಲಿಯೂ ಅಂಚಿನ ಮಹತ್ವವೇ ಕಾಣುತ್ತದೆ. ಈ ಬಾತು ವಲಸೆಗಾರನಲ್ಲ. ನೀರು ಬತ್ತಿದಾಗ ಹತ್ತಿರದ ಬೇರೊಂದು ಕೆರೆಗೆ ಹೋದರೂ ಈ ನಾಡಿನಲ್ಲಿಯೇ ಮರಿಮಾಡುತ್ತದೆ. ಉತ್ತರ ಭಾರತದಲ್ಲಿ ಮುಖ್ಯವಾಗಿ ಜುಲೈಯಿಂದ ಸಪ್ಟೆಂಬರ್, ದಕ್ಷಿಣದಲ್ಲಿ ನವೆಂಬರ್-ಡಿಸೆಂಬರ್ ಅದರ ಗೂಡಿನ ಕಾಲ. ನಮ್ಮಂಥ ಮಳೆಯಾಧಾರಿತ ನಡುನಾಡಿನಲ್ಲಿ ಕೆರೆಗೆ ನೀರು ಬಂದ ಕಾಲವೇ ಮುಖ್ಯ. ಗೂಡು ಮರದ ಮೇಲಲ್ಲ, ನೀರಿನ ಬಳಿಯ ಹುಲ್ಲು-ಜೊಂಡಿನ ಮರೆಯಲ್ಲಿ ನೆಲದ ಮೇಲೆಯೇ. ಹೆಣ್ಣು ತನ್ನ ಎದೆಯ ಮೃದುತುಪ್ಪಳವನ್ನು ಕಿತ್ತು ಹಾಸುತ್ತದೆ. ಏಳೆಂಟರಿಂದ ಹದಿನಾಲ್ಕರವರೆಗೆ ಮೊಟ್ಟೆ. ಸುಮಾರು 24 ದಿನ ಕಾವು. ಕಾವು ಕೂರುವುದು ತಾಯಿಯೊಬ್ಬಳೇ. ಮರಿಗಳು ಹುಟ್ಟಿದ ಸ್ವಲ್ಪ ಹೊತ್ತಿನಲ್ಲಿಯೇ ತಾಯಿಯ ಹಿಂದೆ ನೀರಿಗಿಳಿದು ತಮ್ಮ ಆಹಾರವನ್ನು ತಾವೇ ಹುಡುಕುತ್ತವೆ. ಆಗ ಅವಕ್ಕೆ ಬೇಕಾದದ್ದು ಬೀಜವಲ್ಲ, ಹುಳುಹುಪ್ಪಟೆ; ಅದು ಸಿಗುವುದು ಬೆಚ್ಚಗಿನ ತೆಳುನೀರಿನಲ್ಲಿ. ಮರಿಗಳ ಕೆಲಸ ಮುಗಿದ ಬಳಿಕ ದೊಡ್ಡ ಬಾತುಗಳು ರೆಕ್ಕೆಯ ಹಾರುಗರಿಗಳನ್ನು ಒಮ್ಮೆಗೇ ಉದುರಿಸುತ್ತವೆ. ಹೊಸ ಗರಿ ಬರುವವರೆಗೆ ಕೆಲವು ವಾರ ಹಾರಲಾರವು. ನಾಯಿ, ನರಿ, ಹದ್ದುಗಳಿಂದ ಆಗ ಅವನ್ನು ಕಾಯುವುದು ಜೊಂಡಿನ ಮರೆಯೊಂದೇ.

ಚಳಿಗಾಲದಲ್ಲಿ ಇದೇ ಪಂಕ್ತಿಗೆ ಅತಿಥಿಗಳೂ ಬಂದು ಕೂರುತ್ತಾರೆ. ನೀಳಬಾಲದ ಪಿನ್‌ಟೇಲ್, ಸಲಿಕೆಯಂತೆ ಅಗಲ ಕೊಕ್ಕಿನ ಶೊವೆಲರ್, ಬಿಳಿಹುಬ್ಬಿನ ಗಾರ್ಗನಿ ಇವೆಲ್ಲ ಉತ್ತರದ ಶೀತದೇಶಗಳಿಂದ ಮಧ್ಯ ಏಷ್ಯಾದ ಹಾದಿಯಾಗಿ ಬರುವ, ತೇಲುತ್ತಲೇ ಮೇಯುವ ಬಾತುಗಳು. ಸಾವಿರಾರು ಕಿಲೋಮೀಟರ್ ಹಾರಿಬಂದ ಅವುಗಳಿಗೂ ಇಲ್ಲಿ ಬೇಕಾಗಿರುವುದು ಮೊಳದ ನೀರೇ.

ಈ ಮೊಳದ ನೀರನ್ನು ನಮಗೆ ಕೊಟ್ಟವರು ಯಾರು? ನಮ್ಮದು ಬಯಲುಸೀಮೆ, ಸ್ವಾಭಾವಿಕ ಸರೋವರಗಳ ನಾಡಲ್ಲ. ಇಲ್ಲಿನ ನೀರಿನಂಚು ಬಹುಪಾಲು ಮನುಷ್ಯರ ಕೈಕೆಲಸ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಕೆರೆ ಕಟ್ಟಿಸಿದ ಸಿದ್ಧರಾಮ ಶರಣರು ನಮ್ಮ ಭಾಷೆಯ ವಚನಕಾರರು. ನಗರದ ಹೊರಗೆ ಹಿಪ್ಪರಗಾದ ಬಳಿಯ ಏಕರೂಖ ಕೆರೆ 1871ರಲ್ಲಿ ಮುಗಿದದ್ದು. ಊರೂರಿನ ಜಿನುಗುಕೆರೆಗಳು, ಸರಕಾರಿ ಕಾಗದದಲ್ಲಿ ಪಾಝರ ತಲಾವ ಎನಿಸಿಕೊಂಡವು, ಅನೇಕವು 1972ರ ಭೀಕರ ಬರಗಾಲದಲ್ಲಿಯೂ ಆ ಬಳಿಕ ರೋಜಗಾರ ಹಮಿ ಯೋಜನೆಯಡಿಯಲ್ಲಿಯೂ ಜನರೇ ಬುಟ್ಟಿ ಹೊತ್ತು ಕಟ್ಟಿದವು. ನಿಮ್ಮ ವಿದ್ಯಾರ್ಥಿಗಳ ಅಜ್ಜ-ಅಜ್ಜಿಯರಲ್ಲಿ ಎಷ್ಟೋ ಜನ ಆ ಒಡ್ಡಿಗೆ ಮಣ್ಣು ಹಾಕಿದವರಿರಬಹುದು. ಅವರು ಕಟ್ಟಿದ್ದು ಬಾವಿಗಳಿಗೆ ನೀರು ಇಂಗಲೆಂದು. ಒಡ್ಡಿನ ಬಳಿ ಆಳವಾಗಿ, ಹಳ್ಳ ಬಂದು ಸೇರುವ ಮೇಲ್ಬದಿಯಲ್ಲಿ ಮಂದವಾಗಿ ಹರಡಿದ ಅವುಗಳ ಅಂಗಳ ಬಾತುಗಳಿಗೂ ಮನೆಯಾಯಿತು.

ಆ ಮನೆಗೆ ಈಗ ಬಂದಿರುವ ಕಷ್ಟವನ್ನು ನಿಷ್ಪಕ್ಷಪಾತವಾಗಿ ನೋಡಬೇಕು. ಕೆರೆಗಳಲ್ಲಿ ಹೂಳು ತುಂಬಿದೆ. 2017ರಲ್ಲಿ ಮಹಾರಾಷ್ಟ್ರ ಸರಕಾರ ಹೂಳು ತೆಗೆದು ಹೊಲಕ್ಕೆ ಹಾಕುವ ‘ಗಾಳಮುಕ್ತ ಧರಣ, ಗಾಳಯುಕ್ತ ಶಿವಾರ’ ಯೋಜನೆಯನ್ನು ಆರಂಭಿಸಿತು. ಹೂಳು ತೆಗೆದರೆ ನೀರು ಹೆಚ್ಚು ನಿಲ್ಲುತ್ತದೆ, ನೆಲಕ್ಕೆ ಇಂಗುತ್ತದೆ, ಹೊಲಕ್ಕೆ ಫಲವತ್ತಾದ ಮಣ್ಣು ಸೇರುತ್ತದೆ. ಬರದ ಬೇಗೆಯನ್ನುಂಡ ರೈತನಿಗೆ ಇದು ಬದುಕಿನ ಪ್ರಶ್ನೆ. ಬಾತಿನ ಹೆಸರಿನಲ್ಲಿ ಅದನ್ನು ತಡೆಯಿರಿ ಎಂದು ಯಾವ ಶಿಕ್ಷಕರೂ ಹೇಳಬಾರದು. ಹೇಳಬೇಕಾದ ಅಗತ್ಯವೂ ಇಲ್ಲ.

ತೊಂದರೆಯಿರುವುದು ಅಗೆಯುವ ಕ್ರಮದಲ್ಲಿ. ಯಂತ್ರಕ್ಕೆ ಸುಲಭವೆಂದು ದಡವನ್ನೇ ನೆಟ್ಟಗೆ ಕಡಿದು, ಅಂಗಳವನ್ನೆಲ್ಲ ಒಂದೇ ಆಳಕ್ಕೆ ತೋಡಿ, ಬೀಜ ತುಂಬಿದ ಮೇಲ್ಗೆಸರನ್ನು ಪೂರ್ತಿಯಾಗಿ ಸಾಗಿಸಿದರೆ ಕೆರೆ ಬಾಣಲೆಯ ರೂಪ ಕಳೆದುಕೊಂಡು ಹೊಂಡವಾಗುತ್ತದೆ. ಪಟ್ಟಣಗಳಲ್ಲಿ ಸುಶೋಭೀಕರಣದ ಹೆಸರಿನಲ್ಲಿ ದಡಕ್ಕೆ ಕಟ್ಟುವ ಕಲ್ಲುಗೋಡೆಯ ಪರಿಣಾಮವೂ ಇದೇ. ಅಲ್ಲಿ ಬಾತಿಗೆ ಅನ್ನವಿಲ್ಲ. ದನಗಳಿಗೂ ನೀರಿಗಿಳಿಯುವ ದಾರಿಯಿಲ್ಲ. ಮಕ್ಕಳಿಗಂತೂ ಅದು ಅಪಾಯದ ಸ್ಥಳ: ಒಂದು ಹೆಜ್ಜೆಯವರೆಗೆ ಮೊಣಕಾಲುದ್ದ, ಮುಂದಿನ ಹೆಜ್ಜೆಗೆ ಆಳುದ್ದ.

ದಾರಿ ಸರಳವಾಗಿದೆ. ಒಡ್ಡಿನ ಕಡೆಯ ಆಳದ ಭಾಗದಲ್ಲಿ ಬೇಕಾದಷ್ಟು ತೋಡಬಹುದು. ಹಳ್ಳ ಸೇರುವ ಮೇಲ್ಬದಿಯಲ್ಲಿ ಮಂದ ಇಳಿಜಾರನ್ನು ಹಾಗೆಯೇ ಬಿಡಬೇಕು. ಒಂದು ದಡದ ಜೊಂಡು-ಹುಲ್ಲನ್ನು ಸುಡದೆ, ಕೀಳದೆ ಉಳಿಸಬೇಕು. ಕೆಲಸವನ್ನು ಮಳೆಗೆ ಮುಂಚೆ ಮುಗಿಸಬೇಕು. ಗೂಡು ಕಟ್ಟುವ ಕಾಲದಲ್ಲಿ ದಡಕ್ಕೆ ಯಂತ್ರ ಬರಬಾರದು. ಇಷ್ಟರಿಂದ ರೈತನ ನೀರು ಹೆಚ್ಚೇನೂ ಕಡಿಮೆಯಾಗದು. ದನದ ದಾರಿ ಉಳಿಯುತ್ತದೆ, ಬಾತಿನ ಹೊಲವೂ ಉಳಿಯುತ್ತದೆ.

ಚುಕ್ಕೆ ಕೊಕ್ಕಿನ ಬಾತು ಅಳಿವಿನಂಚಿನ ಹಕ್ಕಿಯಲ್ಲ. ಜಾಗತಿಕ ಪಟ್ಟಿಯಲ್ಲಿ ಅದು ‘ಕಡಿಮೆ ಕಾಳಜಿ’ಯ ವರ್ಗದಲ್ಲಿದೆ. ಹಾಗಿದ್ದರೆ ಅದನ್ನೇ ಏಕೆ ಕಲಿಸಬೇಕೆಂದು ನೀವು ಕೇಳಬಹುದು. ಸಾಮಾನ್ಯವಾದ ಹಕ್ಕಿಯಾದುದರಿಂದಲೇ ಅದು ಶಾಲೆಗೆ ಉಪಯುಕ್ತ. ಅಪರೂಪದ ಹಕ್ಕಿ ಕಾಣದಿದ್ದರೆ ಅದಕ್ಕೆ ನೂರು ಕಾರಣಗಳಿರಬಹುದು. ನೀರು ತುಂಬಿದ ಊರ ಕೆರೆಯಲ್ಲಿ ವರ್ಷವರ್ಷವೂ ಮೇಯುತ್ತಿದ್ದ ಬಾತು ಮೇಯದಂತಾದರೆ, ಕೆರೆಯಂಚಿಗೆ ಏನೋ ಆಗಿದೆಯೆಂದು ಮಕ್ಕಳೇ ಕೇಳತೊಡಗುತ್ತಾರೆ.

ಇದನ್ನು ತರಗತಿಯ ಚಟುವಟಿಕೆಯಾಗಿಸುವ ಬಗೆ ಹೀಗೆ. ಒಡ್ಡಿನ ಮೇಲೆ, ನೀರಿನಿಂದ ದೂರ ನಿಂತು, ಮಕ್ಕಳು ಕೆರೆಯ ರೂಪರೇಷೆ ಬರೆಯಲಿ. ಬಾಲ ಮೇಲೆತ್ತಿ ಮೇಯುತ್ತಿರುವ ಬಾತು ಕಂಡಲ್ಲೆಲ್ಲ ನಕ್ಷೆಯಲ್ಲಿ ಚುಕ್ಕೆಯಿಡಲಿ. ಸುಮ್ಮನೆ ತೇಲುವ ಹಕ್ಕಿಯನ್ನು ಲೆಕ್ಕಕ್ಕೆ ಹಿಡಿಯಬಾರದು, ಅದು ಆಳದ ನೀರಿನಲ್ಲಿಯೂ ತೇಲುತ್ತದೆ. ಅಕ್ಟೋಬರಿನಿಂದ ಜನವರಿಯವರೆಗೆ ತಿಂಗಳಿಗೊಮ್ಮೆ ಹೀಗೆ ಮಾಡಿದರೆ ಯಾರೂ ನೀರಿಗಿಳಿಯದೆ ಊರ ಕೆರೆಯ ಮೊಳದ ನೀರಿನ ನಕ್ಷೆ ಸಿದ್ಧವಾಗುತ್ತದೆ. ಮಗು ನೀರಿಗಿಳಿಯಬಾರದು, ಗೂಡಿನ ಹತ್ತಿರ ಹೋಗಬಾರದು. ಈ ಎರಡು ನಿಯಮಗಳಲ್ಲಿ ಸಡಿಲಿಕೆ ಬೇಡ. ಕಾಡುಬಾತನ್ನು ಬೇಟೆಯಾಡುವುದು, ಮೊಟ್ಟೆ ಎತ್ತುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧವೆಂಬುದನ್ನೂ ಅವರಿಗೆ ತಿಳಿಸಿರಿ.

ಚಿಕ್ಕ ಇಯತ್ತೆಗಳಲ್ಲಿ ಇದು ಪರಿಸರ ಅಭ್ಯಾಸದ ಪಾಠ. ದೊಡ್ಡ ಇಯತ್ತೆಗಳಲ್ಲಿ ಇಳಿಜಾರಿನ ಗಣಿತ, ಕೊಕ್ಕು-ಕಾಲುಗಳ ವಿಜ್ಞಾನ, ಬರಗಾಲದ ಇತಿಹಾಸ. ಎಲ್ಲ ಇಯತ್ತೆಗಳಲ್ಲಿಯೂ ಇದು ಭಾಷೆಯ ಪಾಠ. ಒಡ್ಡು, ತೂಬು, ಕೋಡಿ, ಅಂಗಳ, ಹೂಳು, ಜೊಂಡು, ಜೇಕು, ಗೇಣು, ಮೊಳ: ಇವು ಪಠ್ಯಪುಸ್ತಕದಿಂದ ಮನೆಗೆ ಹೋಗುವ ಶಬ್ದಗಳಲ್ಲ, ಮನೆಯಿಂದ ಶಾಲೆಗೆ ಬರಬೇಕಾದ ಶಬ್ದಗಳು. ಒಡ್ಡು ಕಟ್ಟಿದ ಅಜ್ಜಿಯನ್ನು ಕೇಳಿ ಮಗು ಅವನ್ನು ಬರೆದು ತರಲಿ. ಪಕ್ಕದಲ್ಲಿ ಮರಾಠಿಯ ಸಮಾನ ಶಬ್ದವನ್ನೂ ಬರೆಯಲಿ. ಅರಿಷಿಣ-ಕುಂಕುಮವೂ ಹಳದಿ-ಕುಂಕೂ ಒಂದೇ ಕೊಕ್ಕಿನ ಮೇಲಿರುವಾಗ ಎರಡು ಭಾಷೆಗಳ ನಡುವೆ ಜಗಳಕ್ಕೆ ಎಡೆಯಿಲ್ಲ. ಆದರೆ ಕೆರೆಗೆ ಕೋಡಿಯೂ ಜೊಂಡೂ ಇಲ್ಲವಾದರೆ ಆ ಶಬ್ದಗಳನ್ನು ಮಗುವಿಗೆ ತೋರಿಸಿ ಕಲಿಸುವುದಕ್ಕೆ ನಮ್ಮಲ್ಲಿ ಏನೂ ಉಳಿಯುವುದಿಲ್ಲ. ವಸ್ತುವಿಲ್ಲದ ಶಬ್ದವನ್ನು ಕಂಠಪಾಠ ಮಾಡಿಸಬಹುದು, ಬಳಕೆಯಲ್ಲಿಡಲಾಗದು.

ಕೊನೆಯದಾಗಿ ಒಂದು ಸೂಚನೆ. ಮಹಾರಾಷ್ಟ್ರದ ಗ್ರಾಮಗಳಲ್ಲಿ ಜನವರಿ 26ಕ್ಕೆ ಗ್ರಾಮಸಭೆ ಸೇರುತ್ತದೆ. ಹೂಳೆತ್ತುವ ಕೆಲಸ ನಡೆಯುವುದು ಅದರ ನಂತರದ ಬೇಸಗೆಯಲ್ಲಿ. ಮಕ್ಕಳ ನಕ್ಷೆ ಆ ಹೊತ್ತಿಗೆ ಸಿದ್ಧವಾಗಿರುತ್ತದೆ. ಧ್ವಜವಂದನೆ ಮುಗಿದ ಮೇಲೆ ಸರಪಂಚರ ಮುಂದೆ ಅದನ್ನು ಇಟ್ಟು, ‘ಇಲ್ಲಿಂದ ಇಲ್ಲಿಯವರೆಗೆ ಬೇಕಾದಷ್ಟು ಅಗೆಯಿರಿ, ಈ ಮೂಲೆಯ ಇಳಿಜಾರನ್ನು ಮಾತ್ರ ಬಿಡಿರಿ’ ಎಂದು ಏಳನೆಯ ಇಯತ್ತೆಯ ಒಬ್ಬ ವಿದ್ಯಾರ್ಥಿನಿ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಓದಿ ಹೇಳಲಿ. ಅದರ ಹಿಂದಿನ ಲೆಕ್ಕವನ್ನು ಅವಳೇ ವಿವರಿಸುವಷ್ಟು ಸಿದ್ಧತೆಯನ್ನು ನೀವು ಮಾಡಿಸಿರಿ. ಈ ವರ್ಷ ನಿಮ್ಮ ನಿಮ್ಮ ಊರ ಕೆರೆಯಿಂದಲೇ ಇದನ್ನು ಆರಂಭಿಸಬೇಕೆಂದು ವಿನಂತಿಸಿ ನನ್ನ ಮಾತುಗಳನ್ನು ಮುಗಿಸುತ್ತೇನೆ.